ದ್ರವ ಹೇಳಿದಂತೆ ಡಬ್ಬಿ: ಮಾದರಿ ವಿಮಾನಕ್ಕೆ ಇಂಧನ ತುಂಬುವ ಬಗೆ

ಗಾಳಿ ಇನ್ನೂ ಏಳದ ಬೆಳಗಿನ ಹೊತ್ತಿನಲ್ಲಿ ಮಾದರಿ ವಿಮಾನಗಳನ್ನು ಹಾರಿಸುವವರು ಸೇರುವ ಬಯಲುಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ನೋಟ ಕಾಣಸಿಗುತ್ತದೆ. ಬಾಲ್ಸಾ ಮರದ ರೆಕ್ಕೆಯನ್ನು ರಬ್ಬರ್ ಬ್ಯಾಂಡುಗಳಿಂದ ಬಿಗಿದ ವಿಮಾನವೊಂದು ಹುಲ್ಲಿನ ಮೇಲೆ ನಿಂತಿರುತ್ತದೆ. ಅದರ ಪಕ್ಕದ ಮರದ ಪೆಟ್ಟಿಗೆಯಲ್ಲಿ ಬ್ಯಾಟರಿ, ಸ್ಟಾರ್ಟರ್ ಮೋಟಾರು, ಸ್ಪ್ಯಾನರುಗಳ ನಡುವೆ ಗುಲಾಬಿ ಅಥವಾ ಹಸಿರು ಬಣ್ಣದ ದ್ರವ ತುಂಬಿದ ಪ್ಲಾಸ್ಟಿಕ್ ಕ್ಯಾನ್ ಇರುತ್ತದೆ. ಕ್ಯಾನಿನ ಮುಚ್ಚಳದಿಂದ ಹೊರಟ ತೆಳುವಾದ ನಳಿಕೆ ಸಣ್ಣ ಪಂಪೊಂದನ್ನು ಹಾದು ವಿಮಾನದ ಮೂತಿಯನ್ನು ಸೇರುತ್ತದೆ, ಅರ್ಧ ನಿಮಿಷದೊಳಗೆ ಟ್ಯಾಂಕ್ ತುಂಬುತ್ತದೆ, ಮರುಕ್ಷಣ ಪ್ರೊಪೆಲ್ಲರ್ ತಿರುಗಿ ಹರಳೆಣ್ಣೆ ಸುಟ್ಟ ವಾಸನೆ ಬಯಲನ್ನು ಆವರಿಸುತ್ತದೆ.

ನೋಡುವವರ ಕಣ್ಣು ವಿಮಾನದ ಮೇಲಿರುತ್ತದೆಯೇ ಹೊರತು ಕ್ಯಾನಿನ ಮೇಲಲ್ಲ. ಆದರೆ ಹಾರಾಟದ ನಡುವೆ ಎಂಜಿನ್ ಕೆಮ್ಮಿ ನಿಂತುಹೋದ ಪ್ರಸಂಗಗಳ ಮೂಲವನ್ನು ಹುಡುಕುತ್ತ ಹೋದರೆ, ಕಾರಣ ಹಲವು ಸಲ ಆ ಕ್ಯಾನಿನಲ್ಲಿ, ಅದರ ನಳಿಕೆಯಲ್ಲಿ ಅಥವಾ ಫಿಲ್ಟರಿನಲ್ಲಿ ಸಿಗುತ್ತದೆ. ಕಾರ್ಬುರೇಟರಿನ ಸೂಜಿ ಕವಾಟದಲ್ಲಿ ಇಂಧನ ಹರಿಯುವ ಕಿಂಡಿ ಎಷ್ಟು ಕಿರಿದೆಂದರೆ, ಒರೆಸುವ ಬಟ್ಟೆಯಿಂದ ಉದುರಿದ ಒಂದು ನೂಲಿನೆಳೆಯೂ ಅದನ್ನು ಕಟ್ಟಿಹಾಕಬಲ್ಲದು.

ಈ ಸಲಕರಣೆ ಸಿದ್ಧವಾಗಿಯೂ ಸಿಗುತ್ತದೆ, ಮನೆಯಲ್ಲಿ ಕಟ್ಟಿಕೊಳ್ಳುವುದಕ್ಕೂ ಕಠಿಣವಾದುದಲ್ಲ. ಪಂಪನ್ನು ಮೊದಲು ಕೊಂಡು, ಅದಕ್ಕೆ ಹೊಂದುವ ಕ್ಯಾನನ್ನು ಆಮೇಲೆ ಹುಡುಕಿ, ಕೈಗೆ ಸಿಕ್ಕಿದ ನಳಿಕೆಯನ್ನು ಜೋಡಿಸಿ, ಎಲ್ಲಕ್ಕೂ ಕೊನೆಯಲ್ಲಿ ಇಂಧನ ತುಂಬುವುದು ಹಲವರ ರೂಢಿ. ಸರಿಯಾದ ಕ್ರಮ ಇದಕ್ಕೆ ತೀರಾ ವಿರುದ್ಧವಾದುದು: ಒಳಗಿರುವ ದ್ರವ ಯಾವುದು, ಅದು ಏನನ್ನು ಕರಗಿಸುತ್ತದೆ, ಏನನ್ನು ಹೀರುತ್ತದೆ, ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದನ್ನು ಮೊದಲು ಅರಿತರೆ, ಕ್ಯಾನು, ನಳಿಕೆ, ಪಂಪುಗಳ ಆಯ್ಕೆ ತಾನಾಗಿಯೇ ಗೊತ್ತಾಗುತ್ತ ಹೋಗುತ್ತದೆ.

ಮೂರು ಎಂಜಿನ್, ಮೂರು ಇಂಧನ

1930ರ ದಶಕದಲ್ಲಿ ಅಮೆರಿಕದಲ್ಲಿ ಬ್ರೌನ್ ಜೂನಿಯರ್‌ನಂಥ ಪುಟ್ಟ ಎಂಜಿನ್‌ಗಳು ಮಾರಾಟಕ್ಕೆ ಬಂದಾಗ ಅವು ಪೆಟ್ರೋಲಿನಲ್ಲಿ ಓಡುತ್ತಿದ್ದವು. ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಒದಗಿಸುವ ಕಾಯಿಲ್, ಕಂಡೆನ್ಸರ್ ಮತ್ತು ಬ್ಯಾಟರಿಗಳನ್ನು ವಿಮಾನವೇ ಹೊತ್ತು ಹಾರಬೇಕಾಗಿತ್ತು. 1947ರಲ್ಲಿ ರೇ ಆರ್ಡನ್ ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್ ಈ ಹೊರೆಯನ್ನು ಇಳಿಸಿತು. ಗ್ಲೋ ಪ್ಲಗ್ ಎಂದರೆ ಪ್ಲಾಟಿನಂ ಬೆರೆತ ತಂತಿಯ ಸಣ್ಣ ಸುರುಳಿ. ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಿ ಎಂಜಿನ್ ಚಾಲೂ ಮಾಡಿದ ಮೇಲೆ ಬ್ಯಾಟರಿಯನ್ನು ಕಳಚಿದರೂ, ಪ್ಲಾಟಿನಂ ಮೇಲ್ಮೈಯಲ್ಲಿ ಮೆಥನಾಲ್ ಆವಿಯ ರಾಸಾಯನಿಕ ಕ್ರಿಯೆ ನಡೆಯುತ್ತಲೇ ಇದ್ದು, ಅದರ ಕಾವು ಮತ್ತು ದಹನದ ಕಾವು ಸೇರಿ ತಂತಿಯನ್ನು ಕೆಂಪಗೇ ಉಳಿಸುತ್ತವೆ.

ಹೀಗೆ ಗ್ಲೋ ಎಂಜಿನ್ನಿನ ಇಂಧನ ಮೆಥನಾಲ್ ಎಂಬ ಮದ್ಯಸಾರವೇ ಆಯಿತು. ಅದಕ್ಕೆ ಎಂಜಿನ್ನಿನ ಜಾರುವಿಕೆಗಾಗಿ ಐದರಲ್ಲಿ ಒಂದು ಪಾಲಿನಷ್ಟು ಹರಳೆಣ್ಣೆಯನ್ನೋ ಕೃತಕ ಎಣ್ಣೆಯನ್ನೋ ಬೆರೆಸುತ್ತಾರೆ. ಹೆಚ್ಚು ಶಕ್ತಿ ಬೇಕಾದಾಗ ನೈಟ್ರೋಮೀಥೇನ್ ಎಂಬ, ತನ್ನೊಳಗೇ ಆಮ್ಲಜನಕವನ್ನು ಹೊತ್ತ ದ್ರವವನ್ನು ಶೇ 5ರಿಂದ 15ರಷ್ಟು ಸೇರಿಸುತ್ತಾರೆ. ಸ್ಫೋಟಕಗಳ ತಯಾರಿಕೆಗೂ ಬಳಕೆಯಾಗಬಲ್ಲ ಕಾರಣಕ್ಕೆ ನೈಟ್ರೋಮೀಥೇನ್ ಮೇಲೆ ಹಲವೆಡೆ ಕಟ್ಟುಪಾಡುಗಳಿದ್ದು, ಐರೋಪ್ಯ ಒಕ್ಕೂಟದಲ್ಲಿ 2021ರಿಂದ ಶೇ 16ಕ್ಕಿಂತ ಹೆಚ್ಚು ನೈಟ್ರೋಮೀಥೇನ್ ಇರುವ ಮಿಶ್ರಣವನ್ನು ಸಾಮಾನ್ಯ ಗ್ರಾಹಕರು ಪರವಾನಗಿಯಿಲ್ಲದೆ ಕೊಳ್ಳುವಂತಿಲ್ಲ.

ಎರಡನೆಯ ಬಗೆಯದು, ಹವ್ಯಾಸಿಗಳು ಡೀಸೆಲ್ ಎಂದು ಕರೆಯುವ ಎಂಜಿನ್. ಇದಕ್ಕೂ ಬಂಕಿನ ಡೀಸೆಲ್ಲಿಗೂ ಸಂಬಂಧವಿಲ್ಲ. ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಗಳನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸಿದ ಮಿಶ್ರಣವನ್ನು ಸಿಲಿಂಡರಿನಲ್ಲಿ ಒತ್ತಿಯೇ ಹೊತ್ತಿಸುವ ಈ ಪುಟ್ಟ ಯಂತ್ರಕ್ಕೆ ಪ್ಲಗ್ಗೂ ಬೇಡ, ಬ್ಯಾಟರಿಯೂ ಬೇಡ. ಕೋಲ್ಕತ್ತದಲ್ಲಿ ತಯಾರಾಗುತ್ತಿದ್ದ ಅರೋರಾ ಡೀಸೆಲ್‌ಗಳು ಭಾರತದ ಹವ್ಯಾಸಿಗಳಿಗೆ ಪರಿಚಿತವಾಗಿದ್ದವು. ಹರಳು ಬೆಳೆಯುವುದರಲ್ಲಿ ಜಗತ್ತಿಗೇ ಮೊದಲಿಗನಾದ ದೇಶದಲ್ಲಿ ಎಣ್ಣೆಯ ಕೊರತೆ ಬೀಳಲಿಲ್ಲ, ಆದರೆ ಈಥರ್ ಸಂಗ್ರಹಿಸುವುದು ಮಾತ್ರ ಯಾವತ್ತೂ ಕಷ್ಟದ ಕೆಲಸವೇ ಆಗಿತ್ತು. ಈಥರ್ ಕುದಿಯುವುದು 34.6 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂದರೆ ಕಲಬುರಗಿ, ರಾಯಚೂರುಗಳ ಬೇಸಿಗೆಯ ಮಧ್ಯಾಹ್ನ ಮುಚ್ಚಳ ತೆರೆದಿಟ್ಟ ಶೀಶೆಯ ಈಥರ್ ನೆರಳಿನಲ್ಲೂ ಕುದಿಯತೊಡಗುತ್ತದೆ.

ಮೂರನೆಯದು ಪೆಟ್ರೋಲ್. ದೊಡ್ಡ ಗಾತ್ರದ ಮಾದರಿಗಳಲ್ಲಿ ಟೂ ಸ್ಟ್ರೋಕ್ ಎಣ್ಣೆ ಬೆರೆಸಿದ ಪೆಟ್ರೋಲ್ ಇಂದು ಮತ್ತೆ ವ್ಯಾಪಕವಾಗಿ ಬಳಕೆಗೆ ಬಂದಿದೆ, ಮಿತವ್ಯಯವೇ ಅದಕ್ಕೆ ಮುಖ್ಯ ಕಾರಣ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾದರೆ ಮೆಥನಾಲಿಗೆ ಆರೂವರೆ ಗ್ರಾಂ ಸಾಕು; ಎಂಜಿನ್ ಒಂದು ಸುತ್ತಿನಲ್ಲಿ ಎಳೆದುಕೊಳ್ಳುವ ಗಾಳಿಯ ಪ್ರಮಾಣ ನಿಗದಿಯಾಗಿರುವುದರಿಂದ, ಅದೇ ಗಾಳಿಯ ಜೊತೆ ಮೆಥನಾಲ್ ಎರಡು ಪಟ್ಟಿಗೂ ಹೆಚ್ಚು ಖರ್ಚಾಗುತ್ತದೆ. ಆರೂವರೆ ಸಿಸಿ ಗ್ಲೋ ಎಂಜಿನ್ನಿಗೆ 300 ಮಿಲಿಲೀಟರಿನ ಟ್ಯಾಂಕ್ ಸುಮಾರು ಹತ್ತು ನಿಮಿಷದ ಹಾರಾಟಕ್ಕೆ ಬರುತ್ತದೆ, ಮುಂದಿನ ಹಾರಾಟಕ್ಕೆ ಮತ್ತೆ ತುಂಬಬೇಕು. ಬಯಲಿಗೆ ಕ್ಯಾನು, ಪಂಪುಗಳನ್ನು ಒಯ್ಯುವ ಅಗತ್ಯ ಹುಟ್ಟುವುದೇ ಇಲ್ಲಿಂದ. ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದವರು ಅಮೆರಿಕದ ಮೇನಾರ್ಡ್ ಹಿಲ್. 2003ರ ಆಗಸ್ಟಿನಲ್ಲಿ ಅವರ ತಂಡದ, ಇಂಧನ ಸೇರಿ ಐದು ಕಿಲೋ ಮೀರದ ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಐರ್ಲೆಂಡಿನವರೆಗೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು 38 ಗಂಟೆ 52 ನಿಮಿಷಗಳಲ್ಲಿ ಹಾರಿ ಅಟ್ಲಾಂಟಿಕ್ ದಾಟಿದಾಗ, ಅದರ ಗ್ಲೋ ಎಂಜಿನ್ನನ್ನು ಸ್ಪಾರ್ಕ್ ಪ್ಲಗ್ಗಿಗೆ ಬದಲಿಸಿ, ಮೆಥನಾಲನ್ನು ಬಿಟ್ಟು, ಲಾಂದ್ರ ಮತ್ತು ಸ್ಟವ್‌ಗಳಿಗೆ ಬಳಸುವ ಶುದ್ಧೀಕರಿಸಿದ ಪೆಟ್ರೋಲ್ ಜಾತಿಯ ಇಂಧನವನ್ನು ತುಂಬಲಾಗಿತ್ತು.

ಯಾವುದಕ್ಕೆ ಯಾವ ನಳಿಕೆ

ಮೂರು ದ್ರವಗಳೂ ಪ್ಲಾಸ್ಟಿಕ್, ರಬ್ಬರು, ಲೋಹಗಳ ಜೊತೆ ಮೂರು ರೀತಿಯಲ್ಲಿ ನಡೆದುಕೊಳ್ಳುತ್ತವೆ, ಮನೆಯಲ್ಲಿ ಕಟ್ಟಿದ ಹೆಚ್ಚಿನ ಸಲಕರಣೆಗಳು ಕೆಡುವುದು ಇಲ್ಲಿಯೇ. ಅಕ್ವೇರಿಯಂ ಮತ್ತು ಆಸ್ಪತ್ರೆಗಳಲ್ಲಿ ಕಾಣುವ ಮೆತ್ತನೆಯ ಸಿಲಿಕೋನ್ ನಳಿಕೆ ಮೆಥನಾಲಿಗೆ ಬಹಳ ಚೆನ್ನಾಗಿ ಹೊಂದುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಅದೇ ನಳಿಕೆಯಲ್ಲಿ ಪೆಟ್ರೋಲ್ ಅಥವಾ ಸೀಮೆಎಣ್ಣೆ ಹರಿದರೆ ಅದು ಊದಿಕೊಂಡು, ಬಲ ಕಳೆದುಕೊಂಡು, ಹಿತ್ತಾಳೆ ಕೊಳವೆಯ ತುದಿಯಿಂದ ಜಾರಿಬೀಳುತ್ತದೆ. ಪೆಟ್ರೋಲಿಗೆ ಟೈಗಾನ್ ಎಂಬ ಹೆಸರಿನಲ್ಲಿ ಸಿಗುವ ಹಳದಿ ಇಂಧನ ನಳಿಕೆಯನ್ನೋ, ವಿಟಾನ್ ಎಂಬ ರಬ್ಬರಿನ ನಳಿಕೆಯನ್ನೋ ಹಾಕಬೇಕು. ಟೈಗಾನ್ ಕೂಡ ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರುಕು ಬಿಡುವುದರಿಂದ ಅದನ್ನು ಆಗಾಗ ಬದಲಿಸುತ್ತಿರಬೇಕಾಗುತ್ತದೆ.

ಭಾರತದಲ್ಲಿ ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆತ ಮೇಲೆ, ಬಂಕಿನಿಂದ ತಂದ ಪೆಟ್ರೋಲ್ ಎಂದರೆ ಎರಡು ಗುಣಗಳು ಬೆರೆತ ದ್ರವ ಎಂದೇ ತಿಳಿಯಬೇಕು. ಬರಿಯ ಪೆಟ್ರೋಲಿಗೆ ನೀರು ಸೇರಿದರೆ ಅದು ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನಲ್ಲಿ ಅಡಗಿಸಿಕೊಂಡು, ಅದು ಮಿತಿಮೀರಿದಾಗ ಎಥನಾಲ್ ಸಮೇತ ನೀರಿನ ಪದರವೇ ಕೆಳಗಿಳಿಯುತ್ತದೆ. ಹೀರುನಳಿಕೆಯ ಬಾಯಿ ಸರಿಯಾಗಿ ತಳಕ್ಕೆ ತಾಗಿದ್ದರೆ ಎಂಜಿನ್ನಿಗೆ ಮೊದಲು ತಲುಪುವುದು ಅದೇ ಪದರ. ಅದಕ್ಕಾಗಿ ಪೆಟ್ರೋಲ್ ಕ್ಯಾನಿನಲ್ಲಿ ಹೀರುನಳಿಕೆಯನ್ನು ತಳದಿಂದ ಬೆರಳಗಲ ಮೇಲೆ ನಿಲ್ಲಿಸಿ, ಕೊನೆಯ ಭಾಗವನ್ನು ಬಳಸದೆ ಬಿಡುವುದು ಒಳ್ಳೆಯದು.

ಮೆಥನಾಲಿನ ಕಷ್ಟ ಬೇರೆಯದು. ಅದು ಗಾಳಿಯಲ್ಲಿರುವ ತೇವವನ್ನು ಬಿಡದೆ ಹೀರುತ್ತದೆ ಮತ್ತು ಎಷ್ಟು ನೀರು ಸೇರಿದರೂ ಸಂಪೂರ್ಣವಾಗಿ ಬೆರೆಯುವುದರಿಂದ, ಕೆಟ್ಟ ಇಂಧನವೂ ನೋಡಲು ಒಳ್ಳೆಯ ಇಂಧನದಂತೆಯೇ ಇರುತ್ತದೆ. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ಸಡಿಲ ಮುಚ್ಚಳದ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಇಂಧನದಿಂದ ಎಂಜಿನ್ ಸ್ಥಿರವಾಗಿ ಓಡದಿದ್ದರೆ ತಪ್ಪು ಸೂಜಿ ಕವಾಟದ್ದಲ್ಲ. ಅಲ್ಯೂಮಿನಿಯಂ ಮತ್ತು ಸತುವಿನ ಲೋಹಗಳನ್ನೂ ಮೆಥನಾಲ್ ನಿಧಾನವಾಗಿ ತಿನ್ನುತ್ತದೆ, ಆದ್ದರಿಂದ ಅಡುಗೆಮನೆಯ ಅಲ್ಯೂಮಿನಿಯಂ ಡಬ್ಬಿ ಈ ಕೆಲಸಕ್ಕೆ ಒದಗುವುದಿಲ್ಲ. ನೈಟ್ರೋಮೀಥೇನ್ ಇದ್ದರೆ ಅಕ್ರಿಲಿಕ್, ಪಾಲಿಕಾರ್ಬೊನೇಟ್‌ಗಳಂಥ ಪಾರದರ್ಶಕ ಪ್ಲಾಸ್ಟಿಕ್ಕುಗಳೂ ಸೀಳುತ್ತವೆ. ಹಾಲಿನ ಬಣ್ಣದ, ಕೊಂಚ ಬಾಗುವ ಗಟ್ಟಿ ಪಾಲಿಥೀನ್ ಕ್ಯಾನು, ಅಂದರೆ ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಒತ್ತಿರುವ ಬಗೆಯದು, ಮೆಥನಾಲಿಗೆ ಸುಲಭವೂ ಸುರಕ್ಷಿತವೂ ಆದ ಪಾತ್ರೆ. ಗೋಡೆಯ ಮೂಲಕ ದ್ರವದ ಮಟ್ಟ ಮಸುಕಾಗಿ ಕಾಣುವುದು ಅದರ ಹೆಚ್ಚಿನ ಅನುಕೂಲ. ಪೆಟ್ರೋಲಿಗೆ ಮಾತ್ರ ಪೆಟ್ರೋಲಿಗೆಂದೇ ತಯಾರಿಸಿದ ಕ್ಯಾನೇ ಆಗಬೇಕು.

ಮುಚ್ಚಳದಲ್ಲಿದೆ ಕುಶಲತೆ

ಕ್ಯಾನನ್ನು ಯಾರೂ ತಯಾರಿಸುವುದಿಲ್ಲ, ಕೊಳ್ಳುತ್ತಾರೆ. ನಿಜವಾಗಿ ಕಟ್ಟಬೇಕಾದದ್ದು ಮುಚ್ಚಳವನ್ನು. ಅದರಲ್ಲಿ ಎರಡು ದಾರಿಗಳು ಬೇಕು: ಒಂದು ಇಂಧನ ಹೊರಹೋಗಲು, ಇನ್ನೊಂದು ಹೊರಹೋದ ಇಂಧನದ ಜಾಗಕ್ಕೆ ಗಾಳಿ ಒಳಬರಲು. ಎರಡನೆಯದನ್ನು ಮರೆತರೆ ಪಂಪು ಎಳೆದಂತೆಲ್ಲ ಕ್ಯಾನಿನ ಪಕ್ಕೆಗಳು ಒಳಗೆ ಸೊರಗಿ, ಕೊನೆಗೆ ಹರಿವು ನಿಂತುಹೋಗುತ್ತದೆ.

ಎರಡೂ ದಾರಿಗಳಿಗೆ ನಾಲ್ಕು ಮಿಲಿಮೀಟರ್ ಹೊರ ಅಳತೆಯ ಹಿತ್ತಾಳೆ ಕೊಳವೆ ಸಾಕು. ಅದನ್ನು ಮುಚ್ಚಳದಲ್ಲಿ ಕೂರಿಸುವಾಗ ಅಂಟಿನ ಆಸರೆಯನ್ನು ನೆಚ್ಚುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್‌ಗಳಿಗೆ ಎಪಾಕ್ಸಿಯಾಗಲಿ ಬೇರೆ ಸಾಮಾನ್ಯ ಅಂಟುಗಳಾಗಲಿ ಹಿಡಿಯುವುದಿಲ್ಲ, ಮೊದಲ ದಿನ ಗಟ್ಟಿಯಾಗಿ ಕಂಡರೂ ಕೆಲವು ವಾರಗಳಲ್ಲಿ ಅಂಟು ಹಕ್ಕಳೆಯಾಗಿ ಕಿತ್ತುಬರುತ್ತದೆ. ಹಿಡಿತ ಅಂಟಿನಿಂದಲ್ಲ, ಒತ್ತಡದಿಂದ ಬರಬೇಕು. ಟೊಳ್ಳು ಮಾಡಿದ ಹಿತ್ತಾಳೆ ಬೋಲ್ಟಿನೊಳಗೆ ಕೊಳವೆಯನ್ನು ತೂರಿಸಿ ಬೆಸುಗೆ ಹಾಕಿ, ಬೋಲ್ಟನ್ನು ಮುಚ್ಚಳದ ರಂಧ್ರದಲ್ಲಿ ಇಳಿಸಿ, ಒಳಗೂ ಹೊರಗೂ ಇಂಧನಕ್ಕೆ ಹೊಂದುವ ವಾಷರ್ ಇಟ್ಟು ನಟ್ ಬಿಗಿದರೆ ಆ ಜೋಡಣೆ ವರ್ಷಗಳ ಕಾಲ ಸೋರುವುದಿಲ್ಲ. ಬೆಸುಗೆಗೆ ಬಳಸಿದ ಫ್ಲಕ್ಸ್‌ನ ಆಮ್ಲದ ಶೇಷವನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಹಸಿರು ಕಿಲುಬು ಹುಟ್ಟಿ ಇಂಧನದೊಳಗೆ ಉದುರುತ್ತದೆ.

ಹೀರುವ ಕೊಳವೆಗೆ ಒಳಗಡೆ ಮೆತ್ತನೆಯ ನಳಿಕೆ ಜೋಡಿಸಿ, ಅದರ ತುದಿಗೆ ಕ್ಲಂಕ್ ಎಂದು ಕರೆಯುವ ಹಿತ್ತಾಳೆಯ ಗುಂಡು ತೂಕವನ್ನು ಸಿಕ್ಕಿಸಿದರೆ ಅದು ಕ್ಯಾನು ಓರೆಯಾದರೂ ದ್ರವವಿರುವ ಕಡೆಗೇ ಹೊರಳುತ್ತದೆ. ಕಂಚಿನ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ, ಸೋಸುವ ಗುಣವಿರುವ ಕ್ಲಂಕ್‌ಗಳೂ ಸಿಗುತ್ತವೆ. ಮುಚ್ಚಳ ಸಿದ್ಧವಾದ ಮೇಲೆ ಇಂಧನ ತುಂಬುವುದಕ್ಕೆ ಮುಂಚೆ, ಒಂದು ಕೊಳವೆಯನ್ನು ಮುಚ್ಚಿ, ಖಾಲಿ ಕ್ಯಾನನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಇನ್ನೊಂದು ಕೊಳವೆಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಒತ್ತಿದರೆ, ಸೋರುವ ಜಾಗವನ್ನು ನೀರಿನ ಗುಳ್ಳೆಗಳೇ ತೋರಿಸುತ್ತವೆ.

ಸಾಗಿಸುವಾಗ ತುಂಬುವ ನಳಿಕೆಯ ತುದಿಯನ್ನು ಗಾಳಿಯ ಕೊಳವೆಗೇ ಸಿಕ್ಕಿಸಿಬಿಡುವುದು ಹಳೆಯ, ಚಂದದ ಉಪಾಯ. ಇದರಿಂದ ದಾರಿ ಒಂದು ಮುಚ್ಚಿದ ಬಳೆಯಾಗಿ, ಧೂಳೂ ತೇವವೂ ಒಳಹೋಗುವುದಿಲ್ಲ, ಇಂಧನವೂ ಹೊರಚೆಲ್ಲುವುದಿಲ್ಲ. ಆದರೆ ಮುಚ್ಚಿದ ಕ್ಯಾನು ಬಿಸಿಲಿಗೆ ಬಿದ್ದಾಗ ಒಳಗೆ ಒತ್ತಡ ಏರುತ್ತದೆ ಎಂಬುದು ನೆನಪಿರಬೇಕು. 20 ಡಿಗ್ರಿಯಲ್ಲಿ ಸುಮಾರು 13 ಕಿಲೋಪಾಸ್ಕಲ್ ಇರುವ ಮೆಥನಾಲಿನ ಆವಿಯೊತ್ತಡ 40 ಡಿಗ್ರಿಯಲ್ಲಿ 35ರಷ್ಟಾಗುತ್ತದೆ. ನಾಲ್ಕು ಲೀಟರ್ ದ್ರವವೇ ಅಷ್ಟರಲ್ಲಿ ಸುಮಾರು 100 ಮಿಲಿಲೀಟರ್ ಹಿಗ್ಗುತ್ತದೆ. ಕ್ಯಾನನ್ನು ಕುತ್ತಿಗೆಯವರೆಗೆ ತುಂಬಬಾರದು ಎಂಬ ನಿಯಮಕ್ಕೆ ಇದೇ ಕಾರಣ. ಬಯಲಿಗೆ ಬಂದ ಮೇಲೆ ಮೊದಲು ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ ಒಳಗಿನ ಉಸಿರು ಬಿಡಿಸಿ, ಆಮೇಲಷ್ಟೇ ನಳಿಕೆಯನ್ನು ಕಳಚಬೇಕು. ಕ್ರಮ ತಪ್ಪಿದರೆ ಇಂಧನ ನಳಿಕೆಯ ತುದಿಯಿಂದ ಚಿಮ್ಮಿ ಸೀದಾ ಕಣ್ಣಿಗೆ ಬೀಳಬಹುದು.

ಕೈಪಂಪೋ, ವಿದ್ಯುತ್ ಪಂಪೋ

ವಿಮಾನದ ಟ್ಯಾಂಕಿಗೂ ಕ್ಯಾನಿಗೂ ಇರುವ ಎತ್ತರದ ವ್ಯತ್ಯಾಸ ಒಂದು ಮೀಟರನ್ನೂ ದಾಟುವುದಿಲ್ಲ, ಹಾಗಾಗಿ ಈ ಕೆಲಸಕ್ಕೆ ಬೇಕಾದ ಒತ್ತಡ ಅತ್ಯಲ್ಪ. ಸಣ್ಣ ವಿಮಾನಕ್ಕೆ 50 ಮಿಲಿಲೀಟರಿನ ಸಿರಿಂಜೇ ಸಾಕು. ಅದಕ್ಕಿಂತ ದೊಡ್ಡದಕ್ಕೆ ಹೆಚ್ಚಾಗಿ ಬಳಸುವುದು ಗೇರ್ ಪಂಪು: ಪರಸ್ಪರ ಹೊಂದಿಕೊಂಡ ಎರಡು ಹಲ್ಲಿನ ಗಾಲಿಗಳು ಬಿಗಿಯಾದ ಗೂಡಿನಲ್ಲಿ ತಿರುಗುತ್ತ, ಹಲ್ಲುಗಳ ಸಂದಿನಲ್ಲಿ ಸಿಕ್ಕ ದ್ರವವನ್ನು ಗೂಡಿನ ಗೋಡೆಯ ಗುಂಟ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುತ್ತವೆ. ಗಾಲಿಗಳನ್ನು ಹಿಂದುಮುಂದಾಗಿ ತಿರುಗಿಸಿದರೆ ಹರಿವೂ ತಿರುಗಿ, ಉಳಿದ ಇಂಧನ ಟ್ಯಾಂಕಿನಿಂದ ಕ್ಯಾನಿಗೆ ಮರಳುತ್ತದೆ. ಇನ್ನೊಂದು ಬಗೆಯ ಪಂಪಿನಲ್ಲಿ ಉರುಳುಗಳು ನಳಿಕೆಯನ್ನೇ ಹೊರಗಿನಿಂದ ಒತ್ತುತ್ತ ಸಾಗಿ, ಹಾಲು ಕರೆಯುವ ಬೆರಳುಗಳಂತೆ ದ್ರವವನ್ನು ಮುಂದೆ ನೂಕುತ್ತವೆ. ಇದರಲ್ಲಿ ದ್ರವ ನಳಿಕೆಯನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವಾದ್ದರಿಂದ ಯಾವ ಇಂಧನಕ್ಕೂ ತಕ್ಕ ನಳಿಕೆ ಹಾಕಿ ಬಳಸಬಹುದು.

ಗುಜರಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಕಾರಿನ ಗಾಜು ತೊಳೆಯುವ ಪಂಪನ್ನು ಹಲವರು ಆರಿಸಿಕೊಳ್ಳುತ್ತಾರೆ. 12 ವೋಲ್ಟಿನಲ್ಲಿ ಓಡುವ ಈ ಪಂಪು ಚಕ್ರದ ವೇಗದಿಂದ ದ್ರವವನ್ನು ಹೊರಕ್ಕೆ ಎಸೆಯುವ ಬಗೆಯದು. ಒಳಗೆ ಗಾಳಿಯಿದ್ದರೆ ತಾನಾಗಿ ಹೀರಿಕೊಳ್ಳಲಾರದು, ದ್ರವದ ಮಟ್ಟಕ್ಕಿಂತ ಕೆಳಗೆ ಕೂರಿಸಬೇಕು. ಚಳಿ ದೇಶಗಳಲ್ಲಿ ಗಾಜು ತೊಳೆಯುವ ನೀರಿಗೆ ಹೆಪ್ಪುಗಟ್ಟದಂತೆ ಮದ್ಯಸಾರ ಬೆರೆಸುವ ವಾಡಿಕೆ ಇರುವುದರಿಂದ ಇದರ ಸೀಲುಗಳು ಮೆಥನಾಲನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಪೆಟ್ರೋಲಿಗೆ ಮಾತ್ರ ಅದನ್ನು ಎಂದೂ ಬಳಸಬಾರದು. ಕಾರಿನ ಪೆಟ್ರೋಲ್ ಪಂಪನ್ನೇ ತಂದು ಜೋಡಿಸುವುದೂ ಪರಿಹಾರವಲ್ಲ. ಆ ಪಂಪಿನ ಮೋಟಾರು ಪೆಟ್ರೋಲಿನೊಳಗೇ ಮುಳುಗಿದ್ದೂ ಹೊತ್ತಿಕೊಳ್ಳದಿರುವುದು ಅಲ್ಲಿ ಉರಿಯಲು ಬೇಕಾದಷ್ಟು ಗಾಳಿ ಇಲ್ಲವೆಂಬ ಕಾರಣಕ್ಕೆ. ಬಯಲಿನಲ್ಲಿ ತೆರೆದಿಟ್ಟಾಗ ಆ ರಕ್ಷಣೆ ಇರುವುದಿಲ್ಲ. ಅಲ್ಲದೆ ಅದು ಹುಟ್ಟಿಸುವ ಸುಮಾರು ಮೂರು ಬಾರ್ ಒತ್ತಡ ಮಾದರಿ ವಿಮಾನದ ತೆಳು ಟ್ಯಾಂಕನ್ನು ಒಡೆದುಹಾಕಬಲ್ಲದು.

ವಿದ್ಯುತ್ ಪಂಪನ್ನೇ ಹಾಕುವುದಾದರೆ, ಬ್ಯಾಟರಿಗೆ ಹತ್ತಿರದಲ್ಲಿ ಫ್ಯೂಸ್, ಮುಂದೆ, ನಿಲುಗಡೆ, ಹಿಂದೆ ಎಂಬ ಮೂರು ಸ್ಥಾನಗಳ ಸ್ವಿಚ್ ಇರಬೇಕು. ಆರು ಕಾಲುಗಳ ಆ ಸ್ವಿಚ್ಚಿನ ಎರಡು ಕೊನೆಗಳನ್ನು ಅಡ್ಡತಂತಿಗಳಿಂದ ಕತ್ತರಿಯಾಕಾರದಲ್ಲಿ ಸೇರಿಸಿದರೆ ಮೋಟಾರಿಗೆ ಹೋಗುವ ಧನ, ಋಣಗಳು ಅದಲುಬದಲಾಗುತ್ತವೆ. ಸ್ವಿಚ್ಚಿನಲ್ಲೂ ಮೋಟಾರಿನ ಕುಂಚಗಳಲ್ಲೂ ಸಣ್ಣ ಕಿಡಿಗಳು ಹುಟ್ಟುವುದು ಸಹಜ. ಗಾಳಿಯಲ್ಲಿ ಶೇ 6ರಿಂದ 36ರವರೆಗೆ ಮೆಥನಾಲ್ ಆವಿ ಬೆರೆತರೆ ಅದು ಹೊತ್ತಿಕೊಳ್ಳಬಲ್ಲದು; ಪೆಟ್ರೋಲಿಗಾದರೆ ಶೇ ಒಂದೂವರೆಯಷ್ಟು ಆವಿಯೇ ಸಾಕು. ಈ ಕಾರಣದಿಂದಲೇ ಪೆಟ್ರೋಲಿನ ವಿಷಯದಲ್ಲಿ ಕೈಯಿಂದ ತಿರುಗಿಸುವ ಪಂಪನ್ನು ಮೀರಿದ ಆಯ್ಕೆ ಇಲ್ಲ. ಕೈಪಂಪು ನಿಧಾನ ಎಂಬ ದೂರು ನಿಲ್ಲುವಂಥದ್ದಲ್ಲ: ನಿಮಿಷಕ್ಕೆ ಅರ್ಧ ಲೀಟರ್ ಎತ್ತಿದರೂ 300 ಮಿಲಿಲೀಟರಿನ ಟ್ಯಾಂಕ್ 36 ಸೆಕೆಂಡಿನಲ್ಲಿ ತುಂಬುತ್ತದೆ, ಮತ್ತು ತಿರುಗಿಸುವ ಕೈಗೆ ನಳಿಕೆಯಲ್ಲಿನ ತಡೆ ತಕ್ಷಣ ತಿಳಿಯುತ್ತದೆ. ಆ ಅರಿವು ಮೋಟಾರಿಗೆ ಇರುವುದಿಲ್ಲ.

ಟ್ಯಾಂಕಿನ ಒಳಗೆ ನಡೆಯುವುದು

ತಡೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಲು ವಿಮಾನದ ಟ್ಯಾಂಕಿನ ಒಳಗೆ ನೋಡಬೇಕು. ಅಲ್ಲಿಂದ ಒಂದು ನಳಿಕೆ ಕಾರ್ಬುರೇಟರಿಗೆ ಹೋಗುತ್ತದೆ, ಇನ್ನೊಂದು ಮಫ್ಲರಿಗೆ. ಹಾರುವಾಗ ಹೊಗೆಯ ಅಲ್ಪ ಒತ್ತಡ ಈ ಎರಡನೆಯ ದಾರಿಯಿಂದ ಬಂದು ಇಂಧನವನ್ನು ಎಂಜಿನ್ನಿನತ್ತ ತಳ್ಳುತ್ತದೆ. ತುಂಬುವಾಗ ಕಾರ್ಬುರೇಟರಿನ ನಳಿಕೆಯನ್ನು ಕಳಚಿ ಅದರ ಮೂಲಕ ಇಂಧನ ಹಾಕಿದರೆ, ಮಫ್ಲರಿನ ಕಡೆಯ ನಳಿಕೆ ಗಾಳಿ ಹೊರಹೋಗುವ ದಾರಿಯಾಗುತ್ತದೆ. ಅದನ್ನೂ ಮಫ್ಲರಿನಿಂದ ಕಳಚಿ ಸಣ್ಣ ಶೀಶೆಯೊಳಗೆ ಇಳಿಬಿಡಬೇಕು. ಇಲ್ಲದಿದ್ದರೆ ತುಂಬಿ ಮಿಕ್ಕ ಇಂಧನ ಮಫ್ಲರಿನಿಂದ ಸಿಲಿಂಡರಿಗೆ ಇಳಿದು ನಿಲ್ಲುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆದ್ದರಿಂದ ಆ ಸ್ಥಿತಿಯಲ್ಲಿ ಸ್ಟಾರ್ಟರ್ ಹಚ್ಚಿದರೆ ಪಿಸ್ಟನ್ನಿಗೂ ಕ್ರ್ಯಾಂಕಿಗೂ ಹಿಡಿದ ಕಡ್ಡಿ ಬಾಗಿಹೋಗುತ್ತದೆ.

ನಳಿಕೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಎಂಜಿನ್ ಗಾಳಿ ಗುಳ್ಳೆಗಳನ್ನು ಎಳೆದುಕೊಂಡು, ಇಂಧನ ಸಾಲದೆ ಬಿಸಿಯೇರಿ ನಿಲ್ಲುತ್ತದೆ. ಸೋಸುವ ಕೆಲಸವನ್ನು ವಿಮಾನದೊಳಗೆ ಬಿಡದೆ ಕ್ಯಾನಿನ ಬಳಿಯಲ್ಲೇ ಮುಗಿಸುವುದು ಮೇಲು, ಏಕೆಂದರೆ ವಿಮಾನದಲ್ಲಿರುವ ಪ್ರತಿಯೊಂದು ಜೋಡಣೆಯೂ ಸೋರುವ ಇನ್ನೊಂದು ಜಾಗ. ಪಂಪನ್ನು ಹಿಂದಕ್ಕೆ ತಿರುಗಿಸಿದಾಗ ಫಿಲ್ಟರಿನಲ್ಲಿ ಸಿಕ್ಕಿದ್ದ ಕಸ ಕ್ಯಾನಿಗೇ ಮರಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಫಿಲ್ಟರನ್ನು ಆಗಾಗ ಬಿಚ್ಚಿ ತೊಳೆಯಬೇಕಾಗುತ್ತದೆ.

ಮುಂಗೈಗೆ ಕಟ್ಟಿದ ಇಂಧನ

ಒಯ್ಯಬಲ್ಲ ಇಂಧನ ಪಾತ್ರೆಯ ಕಲ್ಪನೆ ಅತ್ಯಂತ ಸೂಕ್ಷ್ಮವಾಗಿ ಬೆಳೆದಿರುವುದು ಟೀಮ್ ರೇಸ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ. ಇಲ್ಲಿ ಮೂರು ತಂಡಗಳ ವಿಮಾನಗಳು ಉಕ್ಕಿನ ತಂತಿಗಳ ತುದಿಯಲ್ಲಿ ಒಂದೇ ವೃತ್ತದಲ್ಲಿ ಏಕಕಾಲಕ್ಕೆ ಸುತ್ತುತ್ತವೆ. ಎಂಜಿನ್ನಿನ ಗಾತ್ರ ಎರಡೂವರೆ ಸಿಸಿ ಮೀರುವಂತಿಲ್ಲ, ಪ್ರಾಥಮಿಕ ಸುತ್ತಿಗೆ 100 ಸುತ್ತು, ಅಂದರೆ 10 ಕಿಲೋಮೀಟರ್, ಫೈನಲ್‌ಗೆ ಅದರ ಎರಡರಷ್ಟು. ಟ್ಯಾಂಕಿನ ಗಾತ್ರಕ್ಕೆ ನಿಯಮ ಕೆಲವೇ ಸಿಸಿಗಳ ಮಿತಿ ಹಾಕಿರುವುದರಿಂದ ಪಂದ್ಯದ ನಡುವೆ ವಿಮಾನ ನೆಲಕ್ಕಿಳಿದು ಇಂಧನ ತುಂಬಿಸಿಕೊಳ್ಳಲೇಬೇಕು.

ವೃತ್ತದ ಅಂಚಿನಲ್ಲಿ ಕಾದು ಕುಳಿತ ಮೆಕ್ಯಾನಿಕ್ ತನ್ನತ್ತ ಉರುಳಿಬರುವ ವಿಮಾನದ ರೆಕ್ಕೆಯನ್ನು ಒಂದು ಕೈಯಲ್ಲಿ ಹಿಡಿಯುತ್ತಾನೆ. ಅವನ ಮುಂಗೈಗೆ ಒತ್ತಡ ತುಂಬಿದ ಸಣ್ಣ ಇಂಧನ ಡಬ್ಬಿ ಕಟ್ಟಿರುತ್ತದೆ, ಅದರಿಂದ ಬಂದ ನಳಿಕೆಯ ಮೊನೆ ಬೆರಳ ತುದಿಯಲ್ಲಿರುತ್ತದೆ. ಮೊನೆಯನ್ನು ವಿಮಾನದ ಕವಾಟಕ್ಕೆ ಒತ್ತಿದೊಡನೆ ಇಂಧನ ನುಗ್ಗಿ ಟ್ಯಾಂಕ್ ತುಂಬುತ್ತದೆ, ಅದೇ ಕೈ ಪ್ರೊಪೆಲ್ಲರನ್ನು ಒಮ್ಮೆ ತಟ್ಟುತ್ತದೆ, ಬಿಸಿ ಆರದ ಡೀಸೆಲ್ ಎಂಜಿನ್ ಹೊತ್ತಿಕೊಂಡು ವಿಮಾನ ಕೈಬಿಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಈ ಕೆಲಸದಲ್ಲಿ ಪಂಪಿಗೆ ಸ್ಥಳವೇ ಇಲ್ಲ; ಪಂಪಿನ ದುಡಿಮೆಯನ್ನು ಪಂದ್ಯಕ್ಕೆ ಮುಂಚೆಯೇ ಮಾಡಿ ಒತ್ತಡದ ರೂಪದಲ್ಲಿ ಕೂಡಿಟ್ಟಿರುತ್ತಾರೆ. ಡಬ್ಬಿ, ಕವಾಟ, ಮೊನೆ ಎಲ್ಲವನ್ನೂ ಸ್ಪರ್ಧಿಗಳು ತಮ್ಮ ಲೇತ್‌ಗಳಲ್ಲಿ ತಾವೇ ಕಡೆದುಕೊಳ್ಳುವುದು ಈ ಕ್ರೀಡೆಯಲ್ಲಿ ಸಾಮಾನ್ಯ.

ಕಾಣದ ಉರಿ, ಕಾಣದ ವಿಷ

ಮೆಥನಾಲ್ ಬೆಂಕಿ ಹಗಲಿನಲ್ಲಿ ಕಾಣುವುದಿಲ್ಲ. ಮಸಿಯಿಲ್ಲದ ತೆಳುನೀಲಿ ಜ್ವಾಲೆ ಬಿಸಿಲಿನಲ್ಲಿ ಕರಗಿಹೋಗುತ್ತದೆ. 1964ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಕಾರ್ ರೇಸಿನಲ್ಲಿ ಇಬ್ಬರು ಚಾಲಕರನ್ನು ಬಲಿತೆಗೆದುಕೊಂಡ ಪೆಟ್ರೋಲ್ ಬೆಂಕಿಯ ನಂತರ ಆ ರೇಸು ಮೆಥನಾಲಿನತ್ತ ತಿರುಗಿತು. 1981ರಲ್ಲಿ ಅದೇ ರೇಸಿನ ನಡುವೆ ರಿಕ್ ಮಿಯರ್ಸ್ ಅವರ ಕಾರಿಗೆ ಇಂಧನ ತುಂಬುವಾಗ ಮೆಥನಾಲ್ ಚೆಲ್ಲಿ ಹೊತ್ತಿಕೊಂಡಾಗ, ಉರಿಯುತ್ತಿದ್ದವರು ಮೈ ಕೊಡವಿಕೊಳ್ಳುತ್ತಿದ್ದರೂ ಸುತ್ತಲಿನವರಿಗೆ ಬೆಂಕಿ ಕಾಣಲಿಲ್ಲ. ಮಾದರಿ ವಿಮಾನದ ಬಯಲಿನಲ್ಲೂ ಬಿಸಿ ಮಫ್ಲರಿನ ಮೇಲೆ ಇಂಧನ ಚೆಲ್ಲಿದಾಗ ಜ್ವಾಲೆ ಕಾಣದಿದ್ದರೆ ಬೆಂಕಿಯಿಲ್ಲ ಎಂದು ನಂಬಬಾರದು. ಸಮಾಧಾನದ ಸಂಗತಿಯೆಂದರೆ ಮೆಥನಾಲ್ ನೀರಿನಲ್ಲಿ ಬೆರೆಯುವುದರಿಂದ ಧಾರಾಳವಾಗಿ ನೀರು ಸುರಿದು ಅದನ್ನು ಆರಿಸಬಹುದು. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಉರಿ ನೀರಿನ ಮೇಲೆ ತೇಲಿ ಹರಡುತ್ತದೆ, ಅದಕ್ಕೆ ಪುಡಿಯ ಅಥವಾ ನೊರೆಯ ಸಿಲಿಂಡರೇ ಬೇಕು.

ಪೆಟ್ರೋಲಿಗೆ ಸ್ಥಿರವಿದ್ಯುತ್ತಿನ ಅಪಾಯವೂ ಇದೆ. ವಿದ್ಯುತ್ತನ್ನು ಹೆಚ್ಚುಕಡಿಮೆ ಹರಿಯಗೊಡದ ಪೆಟ್ರೋಲ್ ನಳಿಕೆ, ಫಿಲ್ಟರುಗಳನ್ನು ಉಜ್ಜಿ ಹಾಯುವಾಗ ಅದರಲ್ಲಿ ಹುಟ್ಟುವ ವಿದ್ಯುದಂಶ ಬೇಗ ಇಳಿದುಹೋಗುವುದಿಲ್ಲ. ಮೆಥನಾಲ್ ಅದಕ್ಕಿಂತ ಲಕ್ಷಾಂತರ ಪಟ್ಟು ಸುಲಭವಾಗಿ ವಿದ್ಯುತ್ತನ್ನು ಹರಿಸುವುದರಿಂದ ಅಲ್ಲಿ ಈ ಭಯ ಕಡಿಮೆ. ಬಂಕಿನಲ್ಲಿ ಪೆಟ್ರೋಲ್ ಕ್ಯಾನನ್ನು ಕಾರಿನ ಡಿಕ್ಕಿಯೊಳಗೆ ಇಟ್ಟುಕೊಂಡೇ ತುಂಬಿಸದೆ ನೆಲದ ಮೇಲಿಟ್ಟು ತುಂಬಬೇಕು ಎಂಬ ಎಚ್ಚರಿಕೆಯ ಹಿಂದಿರುವುದು ಇದೇ ಕಾರಣ. ಬಯಲುಸೀಮೆಯ ಫೆಬ್ರುವರಿ, ಮಾರ್ಚ್ ತಿಂಗಳ ಒಣಹವೆಯಲ್ಲಿ ಅದು ಇನ್ನೂ ಮುಖ್ಯ.

ವಿಷದ ಮಾತನ್ನು ಕರ್ನಾಟಕಕ್ಕೆ ಹೊಸದಾಗಿ ಹೇಳಬೇಕಾಗಿಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿಗೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ದೇಹ ಮೆಥನಾಲನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗಿ ಬದಲಿಸುತ್ತದೆ. ಆ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ. ಎರಡು ಚಮಚದಷ್ಟು ದ್ರವವೂ ದೃಷ್ಟಿ ಕಳೆಯಬಲ್ಲದು. ಚರ್ಮದ ಮೂಲಕವೂ ಅದು ಒಳಸೇರುವುದರಿಂದ ಕೈಗೆ ತಾಗಿದ ಇಂಧನವನ್ನು ಕೂಡಲೇ ತೊಳೆಯಬೇಕು, ನಳಿಕೆಗೆ ಬಾಯಿಟ್ಟು ಹೀರುವ ಅಭ್ಯಾಸವನ್ನು ಸಂಪೂರ್ಣ ಬಿಡಬೇಕು. ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ, ಒಂದು ಗಂಟೆಯ ಮಟ್ಟಿಗಾದರೂ ಸರಿ, ಇಂಧನವನ್ನು ಸುರಿಯಬಾರದು: ಬಣ್ಣ ಬೆರೆಸಿದ ಗ್ಲೋ ಇಂಧನ ಮಕ್ಕಳ ಕಣ್ಣಿಗೆ ಶರಬತ್ತಿನಂತೆಯೇ ಕಾಣುತ್ತದೆ. ಕ್ಯಾನಿನ ಮೇಲೆ ಒಳಗಿನ ದ್ರವದ ಹೆಸರನ್ನೂ ವಿಷ ಎಂಬ ಪದವನ್ನೂ ಅಳಿಸಲಾಗದ ಶಾಯಿಯಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಬರೆದಿಡುವುದು ಈ ಇಡೀ ಕಟ್ಟುವಿಕೆಯ ಅತಿ ಅಗ್ಗದ, ಅತಿ ಅಗತ್ಯದ ಭಾಗ.

ಹಾರಾಟ ಮುಗಿದ ಮೇಲೆ

ಸಂಜೆ ಟ್ಯಾಂಕಿನಲ್ಲಿ ಗ್ಲೋ ಇಂಧನ ಉಳಿಸಿ ಮನೆಗೆ ಹೋಗುವುದು ಎಂಜಿನ್ನಿಗೆ ಒಳ್ಳೆಯದಲ್ಲ. ತೇವ ಹೀರಿದ ಮೆಥನಾಲ್ ಮತ್ತು ದಹನದಲ್ಲಿ ಉಳಿದ ಆಮ್ಲೀಯ ಶೇಷಗಳು ಸೇರಿ ಉಕ್ಕಿನ ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತವೆ. ಪಂಪನ್ನು ಹಿಂದಕ್ಕೆ ತಿರುಗಿಸಿ ಟ್ಯಾಂಕ್ ಬರಿದು ಮಾಡಿ, ನಳಿಕೆಯಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ನನ್ನು ಓಡಿಸಿ, ಕೊನೆಗೆ ಕೆಲವು ಹನಿ ಎಣ್ಣೆ ಬಿಟ್ಟು ಕೈಯಿಂದ ನಾಲ್ಕಾರು ಸುತ್ತು ತಿರುಗಿಸುವುದು ರೂಢಿಯಲ್ಲಿರುವ ಉಪಚಾರ. ಹಿಂದಕ್ಕೆ ಬಂದ ಇಂಧನದಲ್ಲಿ ಹೊಗೆಯ ಮಸಿಯೂ ಎಣ್ಣೆಯ ಜಿಗುಟೂ ಬೆರೆತಿರುವುದರಿಂದ, ಅದನ್ನು ತಾಜಾ ಇಂಧನದ ಕ್ಯಾನಿಗೆ ಬೆರೆಸದೆ ಬೇರೊಂದು ಸಣ್ಣ ಶೀಶೆಗೆ ತುಂಬಿ, ಮುಂದಿನ ಸಲ ಎಂಜಿನ್ ಹದ ಮಾಡುವಾಗ ನೆಲದ ಮೇಲೆ ಖರ್ಚು ಮಾಡುವುದು ಲೇಸು.

ಬೇರೆ ಊರಿನ ಸ್ಪರ್ಧೆಗೆ ಹೋಗುವವರು ಇಂಧನವನ್ನು ಜೊತೆಗೆ ಒಯ್ಯುವಂತಿಲ್ಲ. ರೈಲಿನಲ್ಲೂ ವಿಮಾನದಲ್ಲೂ ಸುಡುವ ದ್ರವಗಳಿಗೆ ನಿಷೇಧವಿದೆ. ಒಮ್ಮೆ ಇಂಧನ ತುಂಬಿದ್ದ ಕ್ಯಾನು ಖಾಲಿಯಿದ್ದರೂ ಒಳಗೆ ಆವಿ ಉಳಿದಿರುವುದರಿಂದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದನ್ನು ತಡೆಯುತ್ತಾರೆ. ಆದ್ದರಿಂದ ಮುಚ್ಚಳ, ನಳಿಕೆ, ಫಿಲ್ಟರುಗಳನ್ನು ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಒಯ್ದು, ಕ್ಯಾನನ್ನೂ ಇಂಧನವನ್ನೂ ತಲುಪಿದ ಊರಿನಲ್ಲೇ ಪಡೆಯಬೇಕು. ಮುಚ್ಚಳವನ್ನು ಕಟ್ಟುವಾಗಲೇ ಎಲ್ಲೆಡೆ ಸಿಗುವ ಐದು ಲೀಟರ್ ಕ್ಯಾನಿನ ಬಾಯಿಯ ಅಳತೆಗೆ ಹೊಂದಿಸಿಕೊಂಡವರಿಗೆ ಅಲ್ಲಿ ಹೊಸದಾಗಿ ಕೊರೆಯುವ, ಬೆಸೆಯುವ ಕೆಲಸ ಬೀಳುವುದಿಲ್ಲ.